ಟ್ರ್ಯಾಕ್‌ನಿಂದ ಫುಟ್‌ಬಾಲ್‌ಗೆ ಬಂದವಳಿಗೆ ‘11+’ ವಾರ್ಮ್‌ಅಪ್ ಎಷ್ಟು ಉಪಯೋಗ?

ಓಟದ ಟ್ರ್ಯಾಕ್ ಬಿಟ್ಟು ಫುಟ್‌ಬಾಲ್‌ಗೆ ಬರುವ ಹುಡುಗಿಗೆ ವೇಗವೂ ಇರುತ್ತದೆ, ದಮ್ಮೂ ಇರುತ್ತದೆ. ಅದೇ ವೇಗದಲ್ಲಿ ತಟ್ಟನೆ ನಿಂತು ಪಕ್ಕಕ್ಕೆ ತಿರುಗುವ ಅಭ್ಯಾಸ ಮಾತ್ರ ಇರುವುದಿಲ್ಲ. ಸ್ಪ್ರಿಂಟ್‌ನಲ್ಲಿ ಗೆರೆ ದಾಟಿದ ಮೇಲೆ ವೇಗ ಇಳಿಸಿಕೊಳ್ಳಲು ಬೇಕಾದಷ್ಟು ಜಾಗವಿದೆ. ಚೆಂಡಿನ ಹಿಂದೆ ಓಡುವಾಗ ಎರಡು ಮೂರು ಹೆಜ್ಜೆಯಲ್ಲೇ ನಿಲ್ಲಬೇಕು. ಮೊಣಕಾಲನ್ನು ಒಳಗಿನಿಂದ ಹಿಡಿದಿಡುವ ಎಸಿಎಲ್ ಎಂಬ ಪಟ್ಟಿ ಹೆಚ್ಚಾಗಿ ಹರಿಯುವುದು ಹೀಗೆ ತಿರುಗುವಾಗ, ಇಲ್ಲವೇ ಜಿಗಿದು ಇಳಿಯುವಾಗ, ಎದುರಾಳಿ ತಾಕದೆಯೇ. ಹೆಂಗಸರಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಗಾಯ ತಡೆಯಲೆಂದೇ ರೂಪಿಸಿದ ಫಿಫಾದ 11+ ವಾರ್ಮ್‌ಅಪ್ ಕಾರ್ಯಕ್ರಮವನ್ನು ಅಳೆಯಬೇಕಾದದ್ದು ಈ ಕಾರಣಕ್ಕೇ.

ದುಡ್ಡು ಕೊಡಬೇಕಿಲ್ಲ. 5ರಿಂದ 6 ಮೀಟರ್ ಅಂತರದಲ್ಲಿ ಆರು ಜೊತೆ ಕೋನ್, ಕೆಲವು ಚೆಂಡು ಇದ್ದರೆ ಸಾಕು. ಒಟ್ಟು 15 ವ್ಯಾಯಾಮ, ಸುಮಾರು 20 ನಿಮಿಷ: ಮೊದಲ 8 ನಿಮಿಷ ನಿಧಾನದ ಓಟ, ನಂತರ 10 ನಿಮಿಷ ಬಲ, ಜಿಗಿತ, ಸಮತೋಲನ, ಕೊನೆಯ 2 ನಿಮಿಷ ವೇಗದ ಓಟ. ಮೊದಲ ಭಾಗ ಅಥ್ಲೀಟ್‌ಗೆ ನೀರು ಕುಡಿದಷ್ಟು ಸುಲಭ. ಅಲ್ಲಿ ಹೊಸದೆಂದರೆ ಜೊತೆಗಾರ್ತಿಯೊಂದಿಗೆ ಗಾಳಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಇಳಿಯುವುದೊಂದೇ. ಲೇನ್‌ನಲ್ಲಿ ಒಬ್ಬಳೇ ಓಡಿದವಳಿಗೆ ಇದು ಬೇಕೇ ಬೇಕು.

ಕಾರ್ಯಕ್ರಮದ ಜೀವಾಳ ಎರಡನೇ ಭಾಗ. ಇದರ ಆರು ವ್ಯಾಯಾಮಕ್ಕೂ ಮೂರು ಹಂತಗಳಿವೆ. ಹ್ಯಾಮ್‌ಸ್ಟ್ರಿಂಗ್‌ಗೆ, ಅಂದರೆ ತೊಡೆಯ ಹಿಂಭಾಗದ ಸ್ನಾಯುವಿಗೆ, ಮಂಡಿಯೂರಿ, ಜೊತೆಗಾರ್ತಿ ಹಿಮ್ಮಡಿ ಒತ್ತಿ ಹಿಡಿದಿರುವಾಗ, ಮೈಯನ್ನು ಒಂದೇ ಗೆರೆಯಲ್ಲಿಟ್ಟು ನಿಧಾನವಾಗಿ ಮುಂದಕ್ಕೆ ಬಾಗಬೇಕು. ಮೊದಲ ಹಂತದಲ್ಲಿ 3ರಿಂದ 5 ಸಲ, ಎರಡನೆಯದರಲ್ಲಿ 7ರಿಂದ 10, ಮೂರನೆಯದರಲ್ಲಿ 12ರಿಂದ 15. ಸ್ಪ್ರಿಂಟರ್‌ಗಳು ಎಡವುವುದು ಇಲ್ಲೇ: ಕಾಲಿನಲ್ಲಿ ಬಲವಿದೆಯೆಂದು ನೇರವಾಗಿ ಮೂರನೇ ಹಂತಕ್ಕೆ ಹಾರುತ್ತಾರೆ, ಸೊಂಟ ಮಡಚಿ ಲೆಕ್ಕ ಪೂರೈಸುತ್ತಾರೆ, ಮರುದಿನ ತೊಡೆಯ ಹಿಂಭಾಗ ಬಿಗಿದು ಓಡಲಾಗದೆ ಕೂರುತ್ತಾರೆ. ಸೊಂಟ ಮಡಚಿದರೆ ಆ ಸ್ನಾಯುವಿನ ಮೇಲಿನ ಭಾರ ತಪ್ಪಿಹೋಗುತ್ತದೆ; ಎಣಿಸಿದ್ದೆಲ್ಲ ವ್ಯರ್ಥ.

ಜಿಗಿತ 30 ಸೆಕೆಂಡಿನ ಎರಡು ಸುತ್ತು. ಎಷ್ಟು ಎತ್ತರ ಜಿಗಿದಳು ಎಂಬುದು ಮುಖ್ಯವಲ್ಲ, ಹೇಗೆ ಇಳಿದಳು ಎಂಬುದು ಮುಖ್ಯ. ಪಾದದ ಮುಂಭಾಗ ಮೆತ್ತಗೆ ನೆಲ ಮುಟ್ಟಬೇಕು, ಸೊಂಟ ಮತ್ತು ಮೊಣಕಾಲು ಬಾಗಬೇಕು, ಮೊಣಕಾಲು ಒಳಕ್ಕೆ ವಾಲಕೂಡದು. ಕೋಚ್ ಇದನ್ನು ಎದುರಿನಿಂದ ನೋಡಬೇಕು, ಪಕ್ಕದಿಂದ ನೋಡಿದರೆ ವಾಲುವುದು ಕಾಣುವುದೇ ಇಲ್ಲ.

ಮೂರನೇ ಭಾಗದಲ್ಲಿ ಕಾಲೂರಿ ದಿಕ್ಕು ಬದಲಿಸುವ ಓಟವಿದೆ. ಟ್ರ್ಯಾಕ್‌ನಿಂದ ಬಂದವಳಿಗೆ ಇಡೀ ಕಾರ್ಯಕ್ರಮದಲ್ಲೇ ಅತ್ಯಂತ ಬೆಲೆಬಾಳುವ ತುಣುಕು ಇದು, ಸಿಗುವ ಸಮಯ ಮಾತ್ರ ತೀರಾ ಕಡಿಮೆ. ಇದರ ಜೊತೆಗೆ ಬ್ರೇಕ್ ಹಾಕಿ ನಿಲ್ಲುವ ಅಭ್ಯಾಸವನ್ನು ಪ್ರತ್ಯೇಕವಾಗಿ ಸೇರಿಸಲೇಬೇಕು. ಪೂರ್ಣ ವೇಗದ ಸ್ಪ್ರಿಂಟ್ ಕೂಡ ಇದರಲ್ಲಿಲ್ಲ. ಮೈದಾನ ದಾಟುವ ಓಟ 75ರಿಂದ 80 ಶೇಕಡಾ ವೇಗದಲ್ಲಿ ಮುಗಿಯುತ್ತದೆ.

ಕೆಲಸಕ್ಕೆ ಬರುತ್ತದೆಯೇ? ನಾರ್ವೆಯಲ್ಲಿ 13ರಿಂದ 17 ವಯಸ್ಸಿನ 1892 ಹುಡುಗಿಯರನ್ನು ಸೇರಿಸಿ ನಡೆಸಿದ, 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು, ತೀವ್ರ ಗಾಯಗಳು ಅರ್ಧದ ಹತ್ತಿರ ಕಡಿಮೆಯಾದವು. ಆದರೆ ಆ ಪ್ರಯೋಗ ಮುಖ್ಯವಾಗಿ ಅಳೆಯಲು ಹೊರಟಿದ್ದ ಕಾಲಿನ ಗಾಯಗಳ ಇಳಿಕೆ ಸಂಖ್ಯಾಶಾಸ್ತ್ರದ ಮಿತಿ ದಾಟಲಿಲ್ಲ, ಅಂದರೆ ಅದು ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳುವಷ್ಟಿರಲಿಲ್ಲ. ಇಷ್ಟಾದರೂ ನಂಬಿ ಅಳವಡಿಸಬಹುದಾದ ಕಾರ್ಯಕ್ರಮವಿದು, ವಾರಕ್ಕೆ ಕನಿಷ್ಠ ಎರಡು ಸಲ ಬಿಡದೆ ಮಾಡಿದರೆ. ತಿಂಗಳೊಪ್ಪತ್ತಿಗೆ ಬೇಸರ ಬಂದು, ಮುಂಗೈ ಊರಿ ಮೈ ನೇರವಾಗಿ ಹಿಡಿಯುವ ಪ್ಲಾಂಕ್ ಅರ್ಧಕ್ಕೆ ನಿಲ್ಲಿಸುವ ತಂಡಕ್ಕೆ ಫಲ ಸಿಗುವುದಿಲ್ಲ. ಹಂತ ಏರಿಸುವುದೇ ಬೇಸರಕ್ಕೆ ಮದ್ದು, ಆದರೆ ಹಿಂದಿನ ಹಂತ ಲಕ್ಷಣವಾಗಿ ಬಂದ ಮೇಲಷ್ಟೇ.

ಆಟ ಮುಗಿಸಿ ಕೋಚ್ ಆಗುವ ಅಥ್ಲೀಟ್‌ಗೆ ಇದು ಕೈಗೆ ಸಿಕ್ಕ ಒಳ್ಳೆಯ ಪಾಠಪಟ್ಟಿ. ಪಂದ್ಯಕ್ಕೆ ಮುನ್ನ ಒಂದನೇ ಮತ್ತು ಮೂರನೇ ಭಾಗ ಮಾತ್ರ ಮಾಡಿಸಿ, ಎರಡನೆಯದನ್ನು ಅಭ್ಯಾಸದ ದಿನಕ್ಕೆ ಬಿಡಿ. ಇನ್ನೂ 13 ದಾಟದ ಮಕ್ಕಳಿದ್ದರೆ ಅವರಿಗೆಂದೇ ರೂಪಿಸಿದ 11+ ಕಿಡ್ಸ್ ಬೇರೆಯೇ ಇದೆ.