ಅಮ್ಮನ ಮಂಡಿನೋವಿಗೆ ಕೊಂಡ ಊರುಗೋಲು: ಎಂಟು ತಿಂಗಳ ಬಳಕೆಯ ನಂತರ

ನಮ್ಮ ಅಮ್ಮನಿಗೆ 68 ವರ್ಷ. ಬಲಮಂಡಿಯಲ್ಲಿ ಅಸ್ಥಿಸಂಧಿವಾತ, ಅಂದರೆ ಜನ ಸಾಮಾನ್ಯವಾಗಿ ಮಂಡಿ ಸವೆತ ಎನ್ನುವ ತೊಂದರೆ, ಇದೆಯೆಂದು ಮೂಳೆ ವೈದ್ಯರು ಹೇಳಿ ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ನೀ ಕ್ಯಾಪ್, ಹಚ್ಚುವ ಜೆಲ್, ಬಿಸಿನೀರಿನ ಚೀಲ ಎಲ್ಲವೂ ಮನೆಗೆ ಬಂದವು. ಅವುಗಳ ನಡುವೆ ಅಮ್ಮ ಬೇಡವೇ ಬೇಡ ಎಂದಿದ್ದ, ಆದರೆ ಇಂದು ಅವರು ಬಿಟ್ಟಿರಲಾರದ ವಸ್ತುವೆಂದರೆ 450 ರೂಪಾಯಿಯ ಅಲ್ಯೂಮಿನಿಯಂ ಊರುಗೋಲು.

ಇದು ಒಂದೇ ಕಾಲಿನ, ಎತ್ತರ ಹೊಂದಿಸಬಹುದಾದ ಕೋಲು. ಒಂದು ಕೊಳವೆಯೊಳಗೆ ಇನ್ನೊಂದು ಜಾರುತ್ತದೆ. ಚಿಕ್ಕ ಗುಂಡಿಯನ್ನು ಒತ್ತಿ ಬೇಕಾದ ರಂಧ್ರಕ್ಕೆ ತಂದರೆ ಟಕ್ಕೆಂದು ಕೂರುತ್ತದೆ. ಹಿಡಿ ಬಾಗಿದ ಕೊಕ್ಕೆಯಂತಿರದೆ ಅಗಲವಾಗಿ, ಚಪ್ಪಟೆಯಾಗಿರುವುದರಿಂದ ಅಂಗೈ ಪೂರ್ತಿ ಅದರ ಮೇಲೆ ಊರುತ್ತದೆ. ಅಮ್ಮನ ಬೆರಳಿನ ಗೆಣ್ಣುಗಳೂ ನೋಯುವುದರಿಂದ ಇದು ನಮಗೆ ಮುಖ್ಯವಾಯಿತು.

ಮೊದಲ ಹದಿನೈದು ದಿನ ಕೋಲಿನಿಂದ ಏನೂ ಪ್ರಯೋಜನವಾಗಲಿಲ್ಲ, ಮೇಲಾಗಿ ಭುಜ ನೋಯತೊಡಗಿತು. ಅಂಗಡಿಯವರು ಅಳತೆ ನೋಡದೆ ಎತ್ತರ ಕೂರಿಸಿ ಕೊಟ್ಟಿದ್ದರು, ಅಮ್ಮ ನೋವಿರುವ ಬಲಗಾಲಿನ ಕಡೆಯ ಕೈಯಲ್ಲೇ ಅದನ್ನು ಹಿಡಿಯುತ್ತಿದ್ದರು, ನಾವೂ ಅದೇ ಸರಿಯೆಂದು ನಂಬಿದ್ದೆವು. ಫಿಸಿಯೋಥೆರಪಿಸ್ಟ್ ಒಬ್ಬರು ಎರಡನ್ನೂ ತಿದ್ದಿದರು. ಚಪ್ಪಲಿ ಹಾಕಿಕೊಂಡು ಕೈ ಇಳಿಬಿಟ್ಟು ನೇರವಾಗಿ ನಿಂತಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಕೋಲಿನ ಹಿಡಿ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪವೇ ಮಡಚಿರಬೇಕು. ಕೋಲು ನೋವಿಲ್ಲದ ಕಡೆಯ ಕೈಯಲ್ಲಿರಬೇಕು, ನೋವಿನ ಕಾಲಿನ ಜೊತೆಗೇ ಮುಂದೆ ಹೋಗಬೇಕು. ನಡೆಯುವಾಗ ಬಲಗಾಲು ಮುಂದಿಟ್ಟರೆ ಎಡಗೈ ತಾನಾಗಿ ಮುಂದೆ ಬರುತ್ತದೆಯಲ್ಲವೇ, ಆ ಸಹಜ ಲಯಕ್ಕೇ ಕೋಲು ಸೇರಿಕೊಂಡು, ಬಲಮಂಡಿಯ ಮೇಲೆ ಬೀಳುವ ಭಾರದ ಒಂದು ಪಾಲನ್ನು ಎಡಗೈ ಹೊತ್ತುಕೊಳ್ಳುತ್ತದೆ. ಮೆಟ್ಟಿಲ ವಿಷಯಕ್ಕೆ ಅವರು ಹೇಳಿಕೊಟ್ಟ ಮಾತು ಅಮ್ಮನಿಗೆ ಬಾಯಿಪಾಠವಾಗಿದೆ: "ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು."

ಭಾರ ಇಳಿಸುವುದು ಏಕೆ ಮುಖ್ಯ ಎಂಬುದು ಕಾಯಿಲೆ ಅರ್ಥವಾದ ಮೇಲೆ ನನಗೆ ಹೊಳೆಯಿತು. ಮೂಳೆಯ ತುದಿಗಳನ್ನು ಮುಚ್ಚಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಆಡಿದಾಗ ಒಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗುತ್ತದೆ. ಹಾಗಾಗಿ ನೋವೆಂದು ಕೂತುಬಿಟ್ಟರೆ ಕೀಲು ಇನ್ನಷ್ಟು ಬಿಗಿಯುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ, ಸ್ನಾಯು ಸೊರಗಿದರೆ ಮಂಡಿಗೆ ಆಸರೆ ತಪ್ಪುತ್ತದೆ. ನಡೆಯಲೂ ಬೇಕು, ಮಂಡಿಗೆ ಹೊರೆಯೂ ಆಗಬಾರದು. ಕೋಲು ಇದನ್ನು ಸಾಧ್ಯ ಮಾಡುತ್ತದೆ. ಅದಕ್ಕಾಗಿಯೇ ನಾನು ಇದನ್ನು ನೀ ಕ್ಯಾಪಿಗಿಂತ ಮೇಲೆ ಇಡುತ್ತೇನೆ. ನೀ ಕ್ಯಾಪ್ ಬೆಚ್ಚಗಿಟ್ಟು ಧೈರ್ಯ ಕೊಟ್ಟಿತು, ಅಷ್ಟೇ.

ಕೈ ಬದಲಿಸಿದ ಮೇಲೂ ಒಂದೆರಡು ವಾರ ಅಮ್ಮ ಬೇಗ ಆಯಾಸಪಡುತ್ತಿದ್ದರು. ಇದಕ್ಕೆ ಹೆದರಬೇಕಾಗಿಲ್ಲ. ಮಂಡಿಯ ಅಸ್ಥಿಸಂಧಿವಾತ ಇರುವ 64 ಜನರ ಮೇಲೆ ಬ್ರೆಜಿಲ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೋಲು ಹಿಡಿದವರಿಗೆ ಆರಂಭದಲ್ಲಿ ನಡೆಯಲು ಹೆಚ್ಚು ಶಕ್ತಿ ಬೇಕಾಯಿತು. ಎರಡು ತಿಂಗಳಲ್ಲಿ ಅಭ್ಯಾಸವಾಗಿ, ನೋವೂ ಕಡಿಮೆಯಾಯಿತು. ನಮ್ಮ ಮನೆಯಲ್ಲೂ ಎರಡನೇ ತಿಂಗಳ ಕೊನೆಗೇ ಬದಲಾವಣೆ ಕಂಡಿತು. ಬೀದಿಯ ತಿರುವಿನ ಹಾಲಿನ ಬೂತ್‌ವರೆಗೆ ಹೋಗಿ ಅಲ್ಲೇ ಕಟ್ಟೆಯ ಮೇಲೆ ಕೂರುತ್ತಿದ್ದ ಅಮ್ಮ ಈಗ ಕೂರದೆ ಹಿಂದಿರುಗುತ್ತಾರೆ. "ಕೋಲು ಹಿಡ್ಕೊಂಡು ದೇವಸ್ಥಾನಕ್ಕೆ ಹೋದ್ರೆ ನೋಡಿದವರು ಏನಂದ್ಕೋತಾರೆ" ಎನ್ನುತ್ತಿದ್ದವರು, ಕಳೆದ ತಿಂಗಳು ತಮ್ಮ ಗೆಳತಿಗೆ ಹಿಡಿಯ ಎತ್ತರ ತಾವೇ ಹೊಂದಿಸಿ ಕೊಟ್ಟರು.

ಕೊರತೆಗಳೂ ಇವೆ. ತುದಿಯ ರಬ್ಬರ್ ಐದು ತಿಂಗಳಿಗೇ ಒಂದು ಪಕ್ಕ ಸವೆದು ನುಣುಪಾಯಿತು. ಒದ್ದೆಯಾದ ಹಿತ್ತಲ ಕಲ್ಲಿನ ಮೇಲೆ ಒಮ್ಮೆ ಜಾರಿತು, ಪುಣ್ಯಕ್ಕೆ ಅಮ್ಮ ಗೋಡೆ ಹಿಡಿದುಕೊಂಡರು. ಅಂದಿನಿಂದ ವಾರಕ್ಕೊಮ್ಮೆ ಕೋಲು ತಿರುಗಿಸಿ ರಬ್ಬರಿನ ಗೆರೆಗಳನ್ನು ನೋಡುತ್ತೇನೆ. ಬಚ್ಚಲಿಗೆ ಇದು ಸಾಲದು, ಅಲ್ಲಿ ಗೋಡೆಗೆ ಹಿಡಿಕೆಯನ್ನೇ ಹಾಕಿಸಿದ್ದೇವೆ. ಕೋಲು ತಾನಾಗಿ ನಿಲ್ಲುವುದಿಲ್ಲ. ಬಿದ್ದಾಗ ಬಗ್ಗಿ ಎತ್ತುವುದೇ ಮಂಡಿನೋವಿನವರಿಗೆ ಶಿಕ್ಷೆ. ಹಿಡಿಗೆ ಒಂದು ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಂಡರೆ ಆ ಕಷ್ಟ ತಪ್ಪುತ್ತದೆ, ಆದರೆ ಮೆಟ್ಟಿಲ ಮೇಲೆ ದಾರ ಬಿಚ್ಚಿಡಬೇಕು.

ತೊಡೆಯ ಸ್ನಾಯುವಿನ ವ್ಯಾಯಾಮಕ್ಕೂ ತೂಕ ಇಳಿಸುವುದಕ್ಕೂ ಕೋಲು ಬದಲಿಯಲ್ಲ. ಅಮ್ಮ ಕುರ್ಚಿಯಲ್ಲಿ ಕೂತು ಕಾಲು ನೀಡಿ ಎಣಿಸುವ ವ್ಯಾಯಾಮವನ್ನು ದಿನವೂ ಮಾಡುತ್ತಾರೆ. ಎರಡೂ ಮಂಡಿ ತೀವ್ರವಾಗಿ ನೋಯುವವರು, ನಿಂತಾಗ ಸಮತೋಲನ ತಪ್ಪುವವರು ವೈದ್ಯರನ್ನು ಕೇಳಿ ನಾಲ್ಕು ಕಾಲಿನ ಕೋಲನ್ನೋ ವಾಕರನ್ನೋ ಆರಿಸಿಕೊಳ್ಳುವುದು ಒಳ್ಳೆಯದು. ಉಳಿದವರು ಕೋಲನ್ನು ಆನ್‌ಲೈನ್‌ನಲ್ಲಿ ತರಿಸದೆ, ಬಳಸುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಹತ್ತು ಹೆಜ್ಜೆ ನಡೆಸಿ ನೋಡಿ ಕೊಳ್ಳಿ. ಅದೇ ಅಳತೆಯ ಎರಡು ರಬ್ಬರ್‌ಗಳನ್ನೂ ಜೊತೆಗೇ ತೆಗೆದುಕೊಳ್ಳಿ.