ಕುರ್ಚಿ ಅಲುಗಾಡುವ ಆಟ: ‘ಫುಟ್‌ಬಾಲ್ ಮ್ಯಾನೇಜರ್ 2024’ ಹೇಗಿದೆ?

ಈ ಕಂಪ್ಯೂಟರ್ ಆಟದಲ್ಲಿ ಗೋಲು ಹೊಡೆಯುವ ಬಟನ್ ಇಲ್ಲ. ತಂಡ ಆರಿಸುವುದು, ತಂತ್ರ ಹೂಡುವುದು, ಆಟಗಾರರನ್ನು ಕೊಳ್ಳುವುದು, ಸೋತಾಗ ಕ್ಲಬ್ಬಿನ ಆಡಳಿತ ಮಂಡಳಿಯ, ಅಂದರೆ ಬೋರ್ಡಿನ, ಮುಂದೆ ಕೈಕಟ್ಟಿ ನಿಲ್ಲುವುದು, ಇಷ್ಟೇ ನಿಮ್ಮ ಪಾಲಿಗೆ. ಸ್ಪೋರ್ಟ್ಸ್ ಇಂಟರಾಕ್ಟಿವ್ ಕಂಪನಿ ತಯಾರಿಸಿ ಸೆಗಾ ಪ್ರಕಟಿಸಿದ ಈ ಆವೃತ್ತಿ ಬಂದದ್ದು 2023ರ ನವೆಂಬರ್ 6ರಂದು. ಮುಂದಿನ ವರ್ಷದ ಆವೃತ್ತಿಯನ್ನು 2025ರ ಫೆಬ್ರುವರಿಯಲ್ಲಿ ಕಂಪನಿಯೇ ಕೈಬಿಟ್ಟಿತು. ಹಾಗಾಗಿ 2025ರ ನವೆಂಬರ್‌ನಲ್ಲಿ ‘ಫುಟ್‌ಬಾಲ್ ಮ್ಯಾನೇಜರ್ 26’ ಬರುವವರೆಗೆ, ಪೂರ್ತಿ ಎರಡು ವರ್ಷ, ಜನ ಇದನ್ನೇ ಆಡಿದರು. ಪಂದ್ಯದ ಚಿತ್ರಣ ಹೇಗಿದೆ, ಕಾರ್ನರ್ ಕಿಕ್ ಎಷ್ಟು ಸುಧಾರಿಸಿದೆ ಎಂಬ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಇಲ್ಲಿ ನೋಡುವುದು ಒಂದೇ ಸಂಗತಿ: ಮ್ಯಾನೇಜರ್ ಕೆಲಸ ಹೋಗುವ ಬಗೆಯನ್ನು ಇದು ಎಷ್ಟು ಸರಿಯಾಗಿ ಹಿಡಿದಿದೆ?

ಮೊದಲು ಆಟ ಶುರು ಮಾಡುವ ಬಗೆ. ದೊಡ್ಡ ಕ್ಲಬ್ ಆರಿಸಿಕೊಂಡು ಕೂತರೆ ಈ ಆಟದ ಅರ್ಧ ರುಚಿ ಸಿಗುವುದಿಲ್ಲ. ‘ನಿರುದ್ಯೋಗಿ’ ಆಗಿ ಆರಂಭಿಸಿ. ಕೋಚಿಂಗ್ ಪ್ರಮಾಣಪತ್ರ ಯಾವುದೂ ಬೇಡ, ಆಡಿದ ಅನುಭವದ ಸಾಲಿನಲ್ಲಿ ತೀರಾ ಕೆಳಗಿನದನ್ನು ಆರಿಸಿ. ಇವೆರಡೂ ಸೇರಿಯೇ ನಿಮ್ಮ ಆರಂಭದ ಹೆಸರನ್ನೂ ಗುಣಾಂಕಗಳನ್ನೂ ನಿರ್ಧರಿಸುತ್ತವೆ. ಹೆಸರು ಸಣ್ಣದಿದ್ದರೆ ಆಟಗಾರರು ನಿಮ್ಮ ಮಾತಿಗೆ ಬೆಲೆ ಕೊಡುವುದೂ ಅಷ್ಟಕ್ಕಷ್ಟೇ. ಲೀಗ್‌ಗಳನ್ನು ಸೇರಿಸುವಾಗ ಎರಡು ಮೂರು ದೇಶಗಳ ಕೆಳಹಂತದ ವಿಭಾಗಗಳನ್ನೂ ಆಡಬಹುದಾದ ಸ್ಥಿತಿಯಲ್ಲಿ ಇಡಿ. ಒಂದೇ ದೇಶ ಇಟ್ಟುಕೊಂಡು, ಅಲ್ಲಿ ಒಮ್ಮೆ ಹೆಸರು ಕೆಟ್ಟರೆ ಮುಂದಿನ ಕೆಲಸಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಹಾಗೆಂದು ಹತ್ತು ದೇಶ ತುಂಬಿದರೆ ಕಂಪ್ಯೂಟರ್ ತೆವಳುತ್ತದೆ. ಸೆಟಪ್ ಪುಟದಲ್ಲಿ ತೋರಿಸುವ ವೇಗದ ನಕ್ಷತ್ರಗಳನ್ನು ನೋಡಿಕೊಂಡು ನಿರ್ಧರಿಸಿ.

ಕೆಲಸ ಸಿಕ್ಕ ದಿನವೇ ತೆರೆಯಬೇಕಾದ ಪುಟ ‘ಕ್ಲಬ್ ವಿಷನ್’. 2020ರ ಆವೃತ್ತಿಯಲ್ಲಿ ಬಂದ ಈ ವ್ಯವಸ್ಥೆ ನಿಮ್ಮ ಕುರ್ಚಿಯ ಜಾತಕ ಇದ್ದ ಹಾಗೆ. ಈ ಋತುವಿನ ಗುರಿ, ಐದು ವರ್ಷದ ಯೋಜನೆ, ಅದರ ಜೊತೆಗೆ ಕ್ಲಬ್ಬಿನ ಸಂಸ್ಕೃತಿ ಎಂಬ ಹೆಸರಿನಲ್ಲಿ ಒಂದಷ್ಟು ಷರತ್ತು: ಆಕ್ರಮಣಕಾರಿ ಆಟ ಆಡಿ, 23ರೊಳಗಿನವರನ್ನು ಕೊಳ್ಳಿ, ಯುವ ತಂಡದಿಂದ ಹುಡುಗರನ್ನು ಬೆಳೆಸಿ, ಸಂಬಳದ ಬಜೆಟ್ ಮೀರಬೇಡಿ. ಪ್ರತಿಯೊಂದಕ್ಕೂ ಎಷ್ಟು ತೂಕ ಎಂಬುದನ್ನು ಪಕ್ಕದಲ್ಲೇ ಬರೆದಿರುತ್ತಾರೆ. ಹೊಸಬರು ಎಡವುವುದು ಇಲ್ಲೇ. ಲೀಗ್ ಪಟ್ಟಿಯಲ್ಲಿ ತಂಡ ಆರಾಮಾಗಿ ಮಧ್ಯದಲ್ಲಿರುತ್ತದೆ, ಬೋರ್ಡಿನ ಮುಖ ಮಾತ್ರ ಗಂಟಿಕ್ಕಿರುತ್ತದೆ. ಕಾರಣ ಹುಡುಕಿದರೆ ಸಂಬಳದ ಗೆರೆ ದಾಟಿರುತ್ತದೆ, ಇಲ್ಲವೇ ‘ಕಡ್ಡಾಯ’ ಎಂದಿದ್ದ ಷರತ್ತೊಂದನ್ನು ಓದದೆ ಬಿಟ್ಟಿರುತ್ತೀರಿ. ಸಂಬಳದ ಲೆಕ್ಕ ಸರಿಮಾಡಲು ಸುಲಭದ ದಾರಿ ಬಜೆಟ್ ಪುಟದಲ್ಲಿರುವ ಜಾರುಪಟ್ಟಿ. ಬಳಸದೆ ಉಳಿದ ಆಟಗಾರರ ಖರೀದಿ ಹಣವನ್ನು ಸಂಬಳದ ಕಡೆಗೆ ತಳ್ಳಿದರೆ ಕೆಂಪು ಅಂಕಿ ಮಾಯವಾಗುತ್ತದೆ.

ಬೋರ್ಡ್ ಮತ್ತು ಅಭಿಮಾನಿಗಳು ನಿಮಗೆ ಬೇರೆ ಬೇರೆಯಾಗಿ ದರ್ಜೆ ಕೊಡುತ್ತಾರೆ. ಅಭಿಮಾನಿಗಳ ವಿಶ್ವಾಸದ ಪುಟ ಸೇರಿದ್ದು ಇದರ ಹಿಂದಿನ ಆವೃತ್ತಿಯಲ್ಲಿ. ಸ್ಥಳೀಯ ಎದುರಾಳಿಯ ಕೈಲಿ ಸೋತರೆ, ಜನರ ಕಣ್ಮಣಿಯಾದ ಆಟಗಾರನನ್ನು ಮಾರಿದರೆ ಅಲ್ಲಿ ಪೆಟ್ಟು ಜೋರು. ಒಳ್ಳೆಯ ಬೆಲೆ ಬಂತೆಂದು ಮಾರಾಟಕ್ಕೆ ಬೋರ್ಡ್ ತಲೆದೂಗಿದರೂ ಸ್ಟ್ಯಾಂಡಿನಲ್ಲಿ ಕೂತವರು ಕ್ಷಮಿಸುವುದಿಲ್ಲ.

ಇನ್ನು ಆಟದ ಅತ್ಯುತ್ತಮ ಗಳಿಗೆ. ಸೋಲು ಸಾಲುಗಟ್ಟಿದಾಗ ಬೋರ್ಡ್ ಸಭೆಗೆ ಕರೆಯುತ್ತದೆ. ಮಾತು ಸರಿಯಾಗಿ ಆಡಿದರೆ ಗಡುವು ಸಿಗುತ್ತದೆ: ಮುಂದಿನ ಐದು ಪಂದ್ಯಗಳಲ್ಲಿ ಇಂತಿಷ್ಟು ಅಂಕ ತನ್ನಿ, ಇಲ್ಲವೇ ಹೊರಡಿ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂಬ ಗಾದೆಯನ್ನು ಕೋಡ್‌ನಲ್ಲಿ ಬರೆದಂತಿದೆ ಈ ಭಾಗ. ಸಭೆಗೆ ಹೋಗುವ ಮುನ್ನ ಪಂದ್ಯಗಳ ಪಟ್ಟಿ ನೋಡಿರಿ. ಐದರಲ್ಲಿ ಎರಡು ಲೀಗಿನ ಅಗ್ರ ತಂಡಗಳ ವಿರುದ್ಧವಿದ್ದರೆ ಒಂಬತ್ತು ಹತ್ತು ಅಂಕದ ಮಾತು ಕೊಡುವುದು ನೇಣಿಗೆ ತಾನೇ ಕುಣಿಕೆ ಹೆಣೆದುಕೊಂಡಂತೆ. ಆ ಐದು ಪಂದ್ಯಗಳಲ್ಲಿ ಹೊಚ್ಚಹೊಸ ತಂತ್ರ ಹೂಡುವುದು ಎರಡನೇ ದೊಡ್ಡ ತಪ್ಪು. ತಂಡಕ್ಕೆ ತಂತ್ರದ ಪರಿಚಯ ಎಷ್ಟಿದೆ ಎಂಬುದನ್ನು ಆಟ ಒಂದು ಪಟ್ಟಿಯಲ್ಲಿ ಅಳೆಯುತ್ತದೆ. ಹೊಸದಕ್ಕೆ ಹೋದೊಡನೆ ಪಟ್ಟಿ ಕುಸಿದು, ಪಾಸ್‌ಗಳು ಎಲ್ಲೆಲ್ಲೋ ಹೋಗತೊಡಗುತ್ತವೆ. ಏಕಕಾಲಕ್ಕೆ ಮೂರು ತಂತ್ರಗಳನ್ನು ಅಭ್ಯಾಸದಲ್ಲಿ ಇಡಬಹುದು. ಮೂರನೆಯ ಜಾಗದಲ್ಲಿ, ಹಿಂದೆ ಸರಿದು ಗೋಲು ಕಾಯುವ ತಂತ್ರವೊಂದನ್ನು ಋತು ಶುರುವಾಗುವ ಮೊದಲೇ ಕೂರಿಸಿಡಿ. ಕಷ್ಟಕಾಲಕ್ಕೆ ಒದಗುವುದು ಅದೇ.

ಡ್ರೆಸಿಂಗ್ ರೂಮಿನ ರಾಜಕೀಯವನ್ನೂ ಆಟ ಚೆನ್ನಾಗಿಯೇ ಕಟ್ಟಿದೆ. ತಂಡದ ನಾಯಕಸ್ಥಾನದಲ್ಲಿರುವ ಎರಡು ಮೂರು ಮಂದಿ, ಅವರ ಕೆಳಗೆ ಪ್ರಭಾವಿಗಳು, ಅವರ ಹಿಂದೆ ಉಳಿದವರು. ‘ಜನವರಿಯಲ್ಲಿ ಒಬ್ಬ ಡಿಫೆಂಡರನ್ನು ತರುತ್ತೇನೆ’ ಎಂದು ಮಾತು ಕೊಟ್ಟು ತಪ್ಪಿದರೆ ಮೊದಲು ಒಬ್ಬ ಮುನಿಸಿಕೊಳ್ಳುತ್ತಾನೆ, ವಾರದಲ್ಲಿ ಅವನ ಗುಂಪು ಮುನಿಸಿಕೊಳ್ಳುತ್ತದೆ, ಕೊನೆಗೆ ಕ್ಯಾಪ್ಟನ್ನೇ ಎಲ್ಲರ ಪರವಾಗಿ ಬಾಗಿಲು ಬಡಿಯುತ್ತಾನೆ. ಮಾತು ಕೊಡದೇ ಇರುವುದು ಆ ಕ್ಷಣಕ್ಕೆ ಕಹಿ, ಆದರೆ ಕೊಟ್ಟು ತಪ್ಪುವುದಕ್ಕಿಂತ ಅಗ್ಗ. ಅತೃಪ್ತ ಹಿರಿಯನನ್ನು ಮಾರಲೇಬೇಕಾದರೆ, ಅವನ ಮಟ್ಟದ ಇನ್ನೊಬ್ಬ ಪ್ರಭಾವಿ ನಿಮ್ಮ ಕಡೆಗಿದ್ದಾನೆಯೇ ಎಂದು ‘ಡೈನಾಮಿಕ್ಸ್’ ಪುಟದಲ್ಲಿ ನೋಡಿಕೊಂಡ ಮೇಲೆ ಮಾರಿ.

ಇಷ್ಟೆಲ್ಲ ಸರಿ. ಆದರೆ ನಿಜವಾದ ಫುಟ್‌ಬಾಲ್ ಲೋಕದ ಪಕ್ಕದಲ್ಲಿ ಇಟ್ಟು ನೋಡಿದರೆ ಈ ಆಟದ ಬೋರ್ಡ್ ತೀರಾ ನ್ಯಾಯವಂತ. ಗುರಿ ಹೇಳುತ್ತದೆ, ಅಳೆಯುತ್ತದೆ, ಎಚ್ಚರಿಸುತ್ತದೆ, ಗಡುವು ಕೊಡುತ್ತದೆ, ಆಮೇಲೆ ಕಳಿಸುತ್ತದೆ. ಇಂಥ ಬೋರ್ಡ್ ಸಿಕ್ಕಿದ್ದರೆ ಎಷ್ಟೋ ಮ್ಯಾನೇಜರ್‌ಗಳು ಹಬ್ಬ ಮಾಡುತ್ತಿದ್ದರು. ಆಂಜ್ ಪೊಸ್ಟೆಕೊಗ್ಲು ಅವರನ್ನೇ ನೋಡಿ. 2025ರ ಮೇ 21ರಂದು ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ಬಿಗೆ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್ ಗೆದ್ದುಕೊಟ್ಟರು. ಜೂನ್ 6ಕ್ಕೆ ಮನೆಗೆ ಹೋದರು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ತಂಡ 17ನೇ ಸ್ಥಾನದಲ್ಲಿತ್ತು ಎಂಬ ಕಾರಣಕ್ಕೆ ಟ್ರೋಫಿ ಲೆಕ್ಕಕ್ಕೆ ಬರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದರು. 39 ದಿನ, ಎಂಟು ಪಂದ್ಯ, ಒಂದೂ ಗೆಲುವಿಲ್ಲ. ಚೆಲ್ಸಿ ವಿರುದ್ಧ 3–0 ಸೋತು ಕೊನೆಯ ಸೀಟಿ ಮೊಳಗಿದ ಕೆಲವೇ ನಿಮಿಷಗಳಲ್ಲಿ ಅಲ್ಲಿಂದಲೂ ಹೊರಬಿದ್ದರು. ಸಭೆ, ಗಡುವು, ಅಂಕದ ಗುರಿ ಯಾವುದಕ್ಕೂ ಅಲ್ಲಿ ಸಮಯವಿರಲಿಲ್ಲ. ಚೆಲ್ಸಿಯ ರೊಬೆರ್ಟೊ ಡಿ ಮಟೇಯೊ 2012ರ ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದು ನವೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು. ಈ ಆಟದಲ್ಲಿ ಅಂಥ ಟ್ರೋಫಿ ಗೆದ್ದ ಮೇಲೆ ಬೋರ್ಡಿನ ಮೆಚ್ಚುಗೆ ಸುಲಭಕ್ಕೆ ಕರಗುವುದಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಪದ್ಧತಿಗೆ ನಿಜಲೋಕದಲ್ಲಿ ಕಾರಣವಿದೆ. 25 ಆಟಗಾರರನ್ನು ಋತುವಿನ ನಡುವೆ ಬದಲಿಸಲು ಆಗುವುದಿಲ್ಲ, ಖರೀದಿಯ ಕಿಟಕಿ, ಅಂದರೆ ಆಟಗಾರರನ್ನು ಕೊಳ್ಳಲು ಅವಕಾಶವಿರುವ ಅವಧಿ, ಮುಚ್ಚಿರುತ್ತದೆ. ಬದಲಿಸಬಹುದಾದವನು ಒಬ್ಬನೇ. ಕೆಲವೊಮ್ಮೆ ಅದು ಫಲಿಸಿದಂತೆಯೂ ಕಾಣುತ್ತದೆ. 2016ರಲ್ಲಿ ಲೆಸ್ಟರ್‌ಗೆ ಲೀಗ್ ಗೆದ್ದುಕೊಟ್ಟ ಕ್ಲಾಡಿಯೊ ರಾನಿಯೇರಿಯನ್ನು 2017ರ ಫೆಬ್ರುವರಿಯಲ್ಲಿ ತೆಗೆದಾಗ ತಂಡ ಕೆಳಗಿನ ದರ್ಜೆಗೆ ಇಳಿಸುವ ಹಿಂಬಡ್ತಿ ವಲಯಕ್ಕಿಂತ ಒಂದೇ ಅಂಕ ಮೇಲಿತ್ತು. ಸಹಾಯಕ ಕ್ರೇಗ್ ಶೇಕ್ಸ್‌ಪಿಯರ್ ಕೈಗೆ ಬಂದ ತಂಡ 12ನೇ ಸ್ಥಾನಕ್ಕೆ ಏರಿ ಋತು ಮುಗಿಸಿತು. ಅಕ್ಟೋಬರ್ ಬರುವಷ್ಟರಲ್ಲಿ ಶೇಕ್ಸ್‌ಪಿಯರ್ ಕೂಡ ಹೊರಗೆ! ಹೊಸ ಮ್ಯಾನೇಜರ್ ಬಂದೊಡನೆ ತಂಡ ಚಿಗುರುವುದರಲ್ಲಿ ಲೆಕ್ಕಾಚಾರದ ಪಾಲೂ ಇದೆ. ತೆಗೆದುಹಾಕುವುದು ಅದೃಷ್ಟ ಪಾತಾಳ ಮುಟ್ಟಿದಾಗ. ಅಲ್ಲಿಂದ ಮುಂದೆ ಯಾರಿದ್ದರೂ ಒಂದಷ್ಟು ಮೇಲೇಳುವುದೇ ಹೆಚ್ಚು. ಆಟದಲ್ಲಿ ಮಾತ್ರ ಸಂಕಟದಲ್ಲಿರುವ ಕ್ಲಬ್ಬಿಗೆ ನೀವು ಹೊಸದಾಗಿ ಹೋದರೆ ಮೊದಲ ಕೆಲವು ವಾರ ಇನ್ನೂ ಕೆಡುತ್ತದೆ, ಏಕೆಂದರೆ ನಿಮ್ಮ ತಂತ್ರ ಅವರಿಗೆ ಹೊಸದು. ಹಿಂದಿನವನ ವ್ಯೂಹವನ್ನೇ ಹಿಡಿದು, ಒಂದೆರಡು ಪಾತ್ರಗಳನ್ನಷ್ಟೇ ತಿದ್ದಿ ಶುರುಮಾಡಿದರೆ ಈ ಕುಸಿತ ಸಣ್ಣದಾಗುತ್ತದೆ.

ಮಾಲೀಕರು ಬದಲಾದಾಗ ಏನಾಗುತ್ತದೆ ಎಂಬುದನ್ನು ಆಟ ಮರೆತಿಲ್ಲ, ಅದು ಮೆಚ್ಚಬೇಕಾದ ಮಾತು. ಮಾತುಕತೆ ನಡೆದಿರುವಷ್ಟು ಕಾಲ ಆಟಗಾರರ ಖರೀದಿಗೆ ತಡೆ ಬೀಳುತ್ತದೆ. ಹೊಸ ಮಾಲೀಕ ತನ್ನವನನ್ನು ತಂದು ಕೂರಿಸಬಹುದು. ಹಾಗಾಗಿ ಕ್ಲಬ್ ಕೈಬದಲಾಗುವ ಸುದ್ದಿ ಇನ್‌ಬಾಕ್ಸಿನಲ್ಲಿ ಕಂಡ ಕೂಡಲೇ ಬಾಕಿಯಿರುವ ಒಪ್ಪಂದಗಳನ್ನು ಮುಗಿಸಿಕೊಳ್ಳಿ, ಖಾಲಿ ಹುದ್ದೆಗಳ ಪುಟದ ಮೇಲೂ ಒಂದು ಕಣ್ಣಿಡಿ. 2007ರಲ್ಲಿ ಟಾರ್ಕಿ ಯುನೈಟೆಡ್ ಕ್ಲಬ್ ಲೆರಾಯ್ ರೊಸೀನಿಯರ್ ಅವರನ್ನು ಮ್ಯಾನೇಜರ್ ಎಂದು ಘೋಷಿಸಿತ್ತು. ಅಷ್ಟರಲ್ಲೇ ಮಾಲೀಕತ್ವ ಬದಲಾಗಿ ಹತ್ತೇ ನಿಮಿಷಕ್ಕೆ ಆ ಕೆಲಸ ಹೋಯಿತು. ಆಟ ಇಷ್ಟು ಕ್ರೂರವಲ್ಲ.

ಅತಿ ದೊಡ್ಡ ಕೊರತೆ ಇರುವುದು ದುಡ್ಡಿನ ವಿಷಯದಲ್ಲಿ. ನಿಜಲೋಕದಲ್ಲಿ ವಜಾ ಎಂದರೆ ಮೊದಲು ಕರಾರಿನ ಪ್ರಶ್ನೆ: ಎಷ್ಟು ವರ್ಷ ಬಾಕಿ, ಪರಿಹಾರ ಎಷ್ಟು, ಸಹಾಯಕರ ಗತಿ ಏನು. ಎರಿಕ್ ಟೆನ್ ಹಾಗ್ ಮತ್ತು ಅವರ ಸಿಬ್ಬಂದಿಯನ್ನು 2024ರ ಅಕ್ಟೋಬರ್‌ನಲ್ಲಿ ಕಳಿಸಲು ಮ್ಯಾಂಚೆಸ್ಟರ್ ಯುನೈಟೆಡ್ 1.04 ಕೋಟಿ ಪೌಂಡ್ ತೆರಬೇಕಾಯಿತು. ಆಂಟೋನಿಯೊ ಕಾಂಟೆ ಮತ್ತವರ ತಂಡದ ನಿರ್ಗಮನಕ್ಕೆ, ಕೋರ್ಟಿನ ಖರ್ಚೂ ಸೇರಿ, ಚೆಲ್ಸಿಗೆ ಬಿದ್ದದ್ದು 2.66 ಕೋಟಿ ಪೌಂಡ್. ಈ ಮೊತ್ತಗಳೇ ಎಷ್ಟೋ ಬಾರಿ ಮ್ಯಾನೇಜರ್‌ನ ಆಯುಸ್ಸನ್ನು ಕೆಲವು ವಾರ ಹಿಗ್ಗಿಸುತ್ತವೆ. ಇಟಲಿಯಲ್ಲಂತೂ ತೆಗೆದ ಕೋಚ್ ಕ್ಲಬ್ಬಿನ ಸಂಬಳದ ಪಟ್ಟಿಯಲ್ಲೇ ಇರುತ್ತಾನೆ. ಅವನ ಜಾಗಕ್ಕೆ ಬಂದವನೂ ಸೋತರೆ, ಹೇಗೂ ಸಂಬಳ ಕೊಡುತ್ತಿದ್ದೇವಲ್ಲ ಎಂದು ಹಳಬನನ್ನೇ ವಾಪಸ್ ಕರೆಯುತ್ತಾರೆ. ಪಾಲೆರ್ಮೊ ಕ್ಲಬ್ 2015ರ ನವೆಂಬರ್‌ನಲ್ಲಿ ತೆಗೆದ ಜುಸೆಪ್ಪೆ ಯಾಕಿನಿಯನ್ನು 2016ರ ಫೆಬ್ರುವರಿಯಲ್ಲಿ ಮತ್ತೆ ಕೂರಿಸಿದ್ದು ಹೀಗೆಯೇ. ಆಟದಲ್ಲಿ ವಜಾ ಆದ ಕ್ಷಣವೇ ನೀವು ಸ್ವತಂತ್ರರು. ನೀವು ಗಳಿಸಿದ್ದು ನಿಮ್ಮ ಪ್ರೊಫೈಲಿನಲ್ಲಿ ಒಂದು ಅಂಕಿಯಾಗಿ ಉಳಿಯುತ್ತದೆ. ಅದರಿಂದ ಏನನ್ನೂ ಕೊಳ್ಳುವಂತಿಲ್ಲ, ಅದು ಖಾಲಿಯಾಗುವುದೂ ಇಲ್ಲ. ಹಾಗಾಗಿ ಎರಡು ವರ್ಷದ ಕರಾರಿಗೂ ನಾಲ್ಕು ವರ್ಷದ ಕರಾರಿಗೂ ಇರಬೇಕಾದ ತೂಕದ ವ್ಯತ್ಯಾಸ ಕೈಗೆ ಹತ್ತುವುದೇ ಇಲ್ಲ.

ಅಧಿಕಾರದ ಲೆಕ್ಕವೂ ಹಳೇ ಕಾಲದ್ದು. ಈಗ ಹಲವು ಕ್ಲಬ್‌ಗಳಲ್ಲಿ ಇರುವವನು ಹೆಡ್ ಕೋಚ್ ಮಾತ್ರ. ಯಾರನ್ನು ಕೊಳ್ಳಬೇಕು ಎಂಬುದರಲ್ಲಿ ಕೊನೆಯ ಮಾತು ಸ್ಪೋರ್ಟಿಂಗ್ ಡೈರೆಕ್ಟರ್‌ದು. ತಾನು ಆರಿಸದ ಆಟಗಾರರ ಸೋಲಿಗೆ ತಾನು ತಲೆ ಕೊಡಬೇಕಾದ ಸ್ಥಿತಿ. ಆಟದಲ್ಲಿ ಬೇಕಾದರೆ ಎಲ್ಲವೂ ನಿಮ್ಮ ಕೈಯಲ್ಲೇ. ಆ ಉಸಿರುಗಟ್ಟುವಿಕೆ ಬೇಕೆನ್ನುವವರು ಜವಾಬ್ದಾರಿಗಳ ಪುಟಕ್ಕೆ ಹೋಗಿ ಖರೀದಿ, ಮಾರಾಟ, ಕರಾರು ನವೀಕರಣ ಮೂರನ್ನೂ ಫುಟ್‌ಬಾಲ್ ಡೈರೆಕ್ಟರ್‌ಗೆ ವಹಿಸಿಬಿಡಿ. ಆಗ ಕ್ಲಬ್ ವಿಷನ್ ಪುಟ ಬೇರೆಯೇ ಥರ ಕಾಣುತ್ತದೆ.

ಕೆಲಸ ಹೋದ ಮೇಲಿನ ಭಾಗಕ್ಕೆ ಬಂದರೆ ಆಟ ಮತ್ತೆ ಮೇಲೇಳುತ್ತದೆ. ಜಾಬ್ ಸೆಂಟರ್ ಪುಟದಲ್ಲಿ ಖಾಲಿ ಹುದ್ದೆಗಳಷ್ಟೇ ಅಲ್ಲ, ಯಾವ ಮ್ಯಾನೇಜರ್‌ನ ಕುರ್ಚಿ ಎಷ್ಟು ಭದ್ರ ಎಂಬ ಪಟ್ಟಿಯೂ ಇದೆ. ಇನ್ನೊಬ್ಬನ ಕುರ್ಚಿ ಮುರಿಯುವುದನ್ನೇ ಕಾಯುತ್ತ ಕೂರುವ ಆ ಪುಟದಲ್ಲಿ ಒಂದು ಬಗೆಯ ನಾಚಿಕೆಗೇಡು ಇದೆ, ಅಷ್ಟೇ ಸತ್ಯವೂ ಇದೆ. ಖಾಲಿಯಾದ ಹುದ್ದೆಯ ಬಗ್ಗೆ ಪತ್ರಿಕೆಯವರೆದುರು ಆಸಕ್ತಿ ಹೇಳಿಕೊಳ್ಳಬಹುದು, ಇಲ್ಲವೇ ನೇರವಾಗಿ ಅರ್ಜಿ ಹಾಕಬಹುದು. ಸಂದರ್ಶನದಲ್ಲಿ ಹೂಂಗುಟ್ಟಿದ ಗುರಿಯೇ ಮುಂದೆ ನಿಮ್ಮನ್ನು ಅಳೆಯುವ ಕೋಲಾಗುತ್ತದೆ, ಆದ್ದರಿಂದ ಕೆಲಸದ ಹಸಿವಿನಲ್ಲಿ ಎಲ್ಲಕ್ಕೂ ತಲೆಯಾಡಿಸಬೇಡಿ. ಬ್ರೆಜಿಲ್‌ನಂಥ ದೇಶವನ್ನು ಆಟಕ್ಕೆ ಸೇರಿಸಿಕೊಂಡರೆ ಹುದ್ದೆಗಳಿಗೆ ಬರವಿರುವುದಿಲ್ಲ. ಅಲ್ಲಿ ಮ್ಯಾನೇಜರ್‌ಗಳನ್ನು ಕಿತ್ತುಹಾಕುವುದು ಎಷ್ಟು ಮಿತಿಮೀರಿತ್ತೆಂದರೆ, ಋತುವಿಗೆ ಒಬ್ಬರನ್ನಷ್ಟೇ ತೆಗೆಯಬಹುದು ಎಂದು 2021ರಲ್ಲಿ ಮೊದಲ ದರ್ಜೆಯ ಲೀಗ್‌ಗೆ ನಿಯಮವನ್ನೇ ತಂದರು. ‘ಪರಸ್ಪರ ಒಪ್ಪಿಗೆ’ಯ ಮೇಲೆ ಬೇರ್ಪಟ್ಟರೆ ನಿಯಮ ಅನ್ವಯವಾಗದು ಎಂಬ ಕಿಂಡಿ ಇತ್ತು. ಕ್ಲಬ್‌ಗಳು ಅದರಲ್ಲೇ ತೂರಿಕೊಂಡವು, ಮರುವರ್ಷ ನಿಯಮವೇ ಮಾಯವಾಯಿತು.

ಹೊಸ ಕ್ಲಬ್ ಸೇರಿದ ಮೊದಲ ವಾರದಲ್ಲೇ ಕೋಚಿಂಗ್ ಕೋರ್ಸಿನ ಖರ್ಚು ಭರಿಸಲು ಬೋರ್ಡನ್ನು ಕೇಳಿ. ಹೊಸ ಮದುಮಗನಿಗೆ ಇಲ್ಲವೆನ್ನುವುದು ಕಡಿಮೆ. ನಾಲ್ಕು ಪಂದ್ಯ ಸೋತ ಮೇಲೆ ಕೇಳಿದರೆ ಇಲ್ಲ ಎನ್ನುವುದೇ ಹೆಚ್ಚು. ಆ ಪ್ರಮಾಣಪತ್ರ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ, ಕ್ಲಬ್ ಕಳಿಸಿದ ಮೇಲೂ. ಇನ್ನೊಂದು ಸಣ್ಣ ಮಾತು: ಸೋತ ಪಂದ್ಯವನ್ನು ಹಳೆಯ ಸೇವ್ ಫೈಲಿನಿಂದ ಮತ್ತೆ ಆಡುವ ಚಾಳಿಯಿದ್ದರೆ ಈ ವಿಮರ್ಶೆಯಲ್ಲಿ ಹೇಳಿದ ಯಾವುದೂ ನಿಮಗೆ ಕಾಣಸಿಗದು. ಆಟೋಸೇವ್ ಹಾಕಿ, ಒಂದೇ ಫೈಲ್ ಇಟ್ಟುಕೊಳ್ಳಿ, ಐದನೇ ಪಂದ್ಯದ 90ನೇ ನಿಮಿಷದಲ್ಲಿ 1–1 ಇರುವಾಗ ಬೆಂಚಿನ ಕಡೆ ನೋಡಿ.