ಕಾರಿನ ಹಳೇ ಸಿಡಿ ಸ್ಟೀರಿಯೊ, ವರ್ಷಾನುಗಟ್ಟಲೆ ಓಡಿಸಿದ ಮೇಲೆ

ಬ್ಲೂಟೂತ್ ಇಲ್ಲ, ಸ್ಕ್ರೀನ್ ಇಲ್ಲ, ಮುಂದುಗಡೆ ಫೋನಿನ ವೈರ್ ಚುಚ್ಚೋಕೆ ಒಂದು ಆಕ್ಸ್ ತೂತು ಇದೆ ಅಷ್ಟೆ. ಆದ್ರೂ ಸೌಂಡ್ ವಿಷಯದಲ್ಲಿ ಇವತ್ತಿಗೂ ಕಂಪ್ಲೇಂಟ್ ಇಲ್ಲ. ಇಂಥಾ ಸೆಟ್ ಇಟ್ಕೊಂಡೋರ ಹತ್ರ ವೋಲ್ಟು, ಓಮು ಅಳೆಯೋ ಒಂದು ಮಲ್ಟಿಮೀಟರ್ ಇರ್ಲೇಬೇಕು, ಯಾಕಂದ್ರೆ ನನ್ನ ಸೆಟ್ ಕೊಟ್ಟ ಕಾಟದಲ್ಲಿ ಮುಕ್ಕಾಲು ಪಾಲು ಒಳಗಿಂದಲ್ಲ, ಹೊರಗಿನ ವೈರಿಂದ ಬಂದಿದ್ದು.

ಮಧ್ಯದಲ್ಲೊಮ್ಮೆ ಕೀ ತೆಗೆದ್ರೆ ಸಾಕು ಟೈಮು, ಸೇವ್ ಮಾಡಿದ ಸ್ಟೇಷನ್ನು ಎಲ್ಲಾ ಅಳಿಸಿಹೋಗ್ತಿತ್ತು. ರಿಪೇರಿಯವ್ರು ನೋಡಿದ್ ತಕ್ಷಣ ಬೋರ್ಡ್ ಹೋಗಿದೆ ಅಂದ್ಬಿಟ್ರು! ಕಾರ್ ತಗೊಂಡ್ಮೇಲೆ ಹೊರಗಡೆ ಹಾಕಿಸೋ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ವೈರಿಗೆ (ಸೆಟ್ಟಿನ ನೆನಪು ಉಳಿಸೋದು ಇದೇ) ಯಾವಾಗ್ಲೂ 12 ವೋಲ್ಟ್ ಇರ್ಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ, ಕಪ್ಪು ಗ್ರೌಂಡು, ಅಂದ್ರೆ ಕಾರ್ ಬಾಡಿಗೆ ಕಟ್ಟೋದು. ಮೀಟರ್ ಹಿಡಿದ್ರೆ ಹಳದೀಲೂ ಕೀ ಆಫ್ ಮಾಡಿದ್ರೆ ಸೊನ್ನೆ, ಯಾರೋ ಪುಣ್ಯಾತ್ಮರು ಹಳದಿ, ಕೆಂಪು ಎರಡನ್ನೂ ಕೀ ಲೈನಿಗೇ ಸೇರಿಸಿ ಟೇಪ್ ಸುತ್ತಿದ್ರು. ಬೋರ್ಡಿಗೆ ಏನೂ ಆಗಿರ್ಲಿಲ್ಲ. (ಕಾರ್ ಜೊತೆಗೇ ಬರೋ ಸೆಟ್ ಆದ್ರೆ ಬಣ್ಣ ನಂಬ್ಬೇಡಿ, ಮೀಟರ್ ನಂಬಿ.)

ಇನ್ನೊಂದು, ಡೋರ್ ತೆಗೆದಾಗ ಹಾಕಿದಾಗ ಒಂದ್ ಕಡೆ ಸ್ಪೀಕರ್ ಬಂದು ಹೋಗಿ ಮಾಡೋದು. ಸೆಟ್ ಕಡೆ ಕನೆಕ್ಟರ್ ಬಿಚ್ಚಿ ಆ ಸ್ಪೀಕರ್ ವೈರಿಗೆ ಓಮ್ ನೋಡಿ, 4 ಓಮ್ ಸ್ಪೀಕರ್ ಆದ್ರೆ ಮೀಟರಲ್ಲಿ 3 ಚಿಲ್ಲರೆ ತೋರಿಸ್ಬೇಕು, ಡೋರ್ ಆಡಿಸ್ತಾ ರೀಡಿಂಗ್ ಹಾರಿಹೋದ್ರೆ ಡೋರಿಗೂ ಬಾಡಿಗೂ ಮಧ್ಯೆ ಇರೋ ರಬ್ಬರ್ ಒಳಗೆ ವೈರ್ ತುಂಡಾಗಿದೆ ಅಂತ ಲೆಕ್ಕ, ನಂದೂ ಅಲ್ಲೇ ಆಗಿದ್ದು. ಹಾಗೇ ವೈರಿಗೂ ಬಾಡಿಗೂ ಮೀಟರಿನ ಕಂಟಿನ್ಯುಟಿ (ಎರಡು ಕಡೆ ತಾಗಿದ್ರೆ ಬೀಪ್ ಅನ್ನೋ ಸೆಟ್ಟಿಂಗ್) ನೋಡ್ಬಿಡಿ, ಬೀಪ್ ಬರ್ಬಾರ್ದು. ದಯವಿಟ್ಟು ಸ್ಪೀಕರ್ ಮೈನಸ್ಸನ್ನ ಗ್ರೌಂಡ್ ಅನ್ಕೊಂಡು ಬಾಡಿಗೆ ಕಟ್ಬೇಡಿ, ಇಂಥಾ ಸೆಟ್‌ಗಳಲ್ಲಿ ಪ್ಲಸ್ಸಲ್ಲೂ ಮೈನಸ್ಸಲ್ಲೂ ಸುಮಾರು 6 ವೋಲ್ಟ್ ಇರುತ್ತೆ, ಬಾಡಿಗೆ ತಾಗಿದ್ರೆ ಆಂಪ್ಲಿಫೈಯರ್ ಚಿಪ್ಪೇ ಹೋಗ್ಬಹುದು.

ಆಕ್ಸಿಲರೇಟರ್ ಒತ್ತಿದಂಗೆಲ್ಲ ಕುಯ್ಯ್ ಅಂತ ಸದ್ದು ಏರೋದೂ ಇತ್ತು. ಫೋನಿನ ಚಾರ್ಜರ್ ಕಿತ್ರೆ ನಿಂತ್ಹೋಯ್ತು, ಚಾರ್ಜರೂ ಆಕ್ಸೂ ಒಟ್ಟಿಗೆ ಚುಚ್ಚಿದಾಗ ಗ್ರೌಂಡ್ ಲೂಪ್ ಆಗುತ್ತೆ, ಅಂದ್ರೆ ಗ್ರೌಂಡಿಗೆ ಎರಡು ದಾರಿ ಆಗಿ ಸದ್ದು ನುಗ್ಗುತ್ತೆ. ಚಾರ್ಜರ್ ಕಿತ್ರೂ ಬರ್ತಾ ಇದ್ರೆ ಕಪ್ಪು ವೈರಿನ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿ ಬಿಗಿ ಮಾಡಿ.

ಸೆಟ್ಟಿನದ್ದೇ ತಪ್ಪು ಅಂದ್ರೆ ಸಿಡಿ ಒಂದೇ. ಲೆನ್ಸನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿದ್ಮೇಲೆ ಒಂದಷ್ಟು ದಿನ ಓದ್ತು, ಈಗ ಯಾವ ಡಿಸ್ಕ್ ಹಾಕಿದ್ರೂ ಎರರ್ ಅಂತ ಉಗುಳುತ್ತೆ. ಅದಕ್ಕೊಂದು ಸ್ಟಾರ್ ಕಟ್, 5ಕ್ಕೆ 4.